ಚೇರಂಬಾಡಿಯ ಮಣ್ಣುಹಾವು: ಹೆಸರು, ನೆಲೆ ಮತ್ತು ಗಡಿ

ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದು ಅರಣ್ಯ ಇಲಾಖೆಗೆ ಬಂದ ರಿಚರ್ಡ್ ಹೆನ್ರಿ ಬೆಡೋಮ್ 1863ರಲ್ಲಿ ದಕ್ಷಿಣ ಭಾರತದ ಕೆಲವು ಬಿಲವಾಸಿ ಹಾವುಗಳನ್ನು ವಿಜ್ಞಾನಕ್ಕೆ ಹೊಸತೆಂದು ವಿವರಿಸಿ ಪ್ರಕಟಿಸಿದರು. ಅವುಗಳಲ್ಲಿ ಎರಡು ಒಂದೇ ಊರಿನಿಂದ ಬಂದವು. ಒಂದು, ಮಿರುಗುವ ಕಪ್ಪು ಬೆನ್ನಿನ, ಹೊಟ್ಟೆಯಲ್ಲಿ ಬೆಳ್ಳನೆಯ ಅಗಲ ಕಲೆಗಳಿರುವ ಹಾವು. ಇಂದಿನ ಹೆಸರು ಮೆಲನೋಫಿಡಿಯಮ್ ವಿನಾಡೆನ್ಸೆ. ಇನ್ನೊಂದು, ಕೆಂಪು ಹೊಟ್ಟೆಯ ರೈನೋಫಿಸ್ ಸ್ಯಾಂಗ್ವಿನಿಯಸ್. ಎರಡಕ್ಕೂ ದಾಖಲಾದ ಮೂಲನೆಲೆ ‘ವಯನಾಡಿನ ಚೇರಂಬಾಡಿ’. ಇಂದಿನ ಭೂಪಟದಲ್ಲಿ ಈ ಎರಡು ಪದಗಳು ಒಟ್ಟಿಗೆ ನಿಲ್ಲುವುದಿಲ್ಲ. ಚೇರಂಬಾಡಿ ಈಗ ವಯನಾಡು ಜಿಲ್ಲೆಯಲ್ಲಿಲ್ಲ, ಕೇರಳದಲ್ಲೂ ಇಲ್ಲ. ಅದು ತಮಿಳುನಾಡಿನ ನೀಲಗಿರಿ ಜಿಲ್ಲೆಯ ಪಂದಲೂರು ತಾಲ್ಲೂಕಿಗೆ ಸೇರಿದೆ. ವಯನಾಡಿನ ಹೆಸರನ್ನು ಹೊತ್ತ ಹಾವಿನ ಮೂಲನೆಲೆ ವಯನಾಡು ಜಿಲ್ಲೆಯ ಹೊರಗಿದೆ.

ಇದನ್ನು ಕೇವಲ ಆಡಳಿತಾತ್ಮಕ ಕುತೂಹಲವೆಂದು ಬದಿಗಿಡಲು ಬರುವುದಿಲ್ಲ. ಮಣ್ಣಿನೊಳಗೆ ಬದುಕುವ ಸಣ್ಣ ಹಾವುಗಳ ವಿಷಯದಲ್ಲಿ ಪ್ರಾಣಿಯ ಗುರುತು ಮತ್ತು ಸ್ಥಳದ ಗುರುತು ಒಂದನ್ನೊಂದು ಬಿಟ್ಟಿರಲಾರವು. ಅವು ದೂರ ಸಂಚರಿಸುವ ಜೀವಿಗಳಲ್ಲ. ಒಂದು ಬೆಟ್ಟದ ಹಾವಿಗೂ ಪಕ್ಕದ ಬೆಟ್ಟದ ಹಾವಿಗೂ ಪ್ರಭೇದವೇ ಬೇರೆಯಾಗಿರಬಹುದು. ಆದುದರಿಂದ ಸ್ಥಳನಾಮವನ್ನು ತಪ್ಪಾಗಿ ಓದಿದರೆ ಹಾವನ್ನೂ ತಪ್ಪಾಗಿ ಓದಿದಂತೆ. ಗಡಿಗಳು ಪದೇ ಪದೇ ಸರಿದಿರುವ ನಾಡಿನಲ್ಲಿ ಈ ಅಪಾಯ ಹೆಚ್ಚು.

ಎರಡು ತಲೆಯ ಹೆಸರು

ಈ ಹಾವುಗಳು ಯುರೋಪೆಲ್ಟಿಡೆ ಎಂಬ ಕುಟುಂಬಕ್ಕೆ ಸೇರಿದವು. ಐವತ್ತಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬ ಭಾರತದ ಪರ್ಯಾಯದ್ವೀಪ ಮತ್ತು ಶ್ರೀಲಂಕಾವನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಗ್ರೀಕ್ ಮೂಲದ ಈ ಹೆಸರಿನ ಅರ್ಥ ‘ಗುರಾಣಿ ಬಾಲ’. ಹಲವು ಪ್ರಭೇದಗಳಲ್ಲಿ ಬಾಲದ ತುದಿ ಓರೆಯಾಗಿ ಕತ್ತರಿಸಿದಂತೆ ಮೊಂಡಾಗಿದ್ದು ಒರಟು ಫಲಕವೊಂದನ್ನು ಹೊತ್ತಿರುತ್ತದೆ. ತಲೆ ಚೂಪು, ಬಾಲ ದಪ್ಪ. ಬಾಲವೇ ತಲೆಯಂತೆ ಕಾಣುವುದರಿಂದ ಜನರ ಬಾಯಲ್ಲಿ ಇದು ‘ಎರಡು ತಲೆ ಹಾವು’.

ತೊಡಕು ಆರಂಭವಾಗುವುದು ಇಲ್ಲಿಯೇ. ಇದೇ ಹೆಸರು ಮಣ್ಣುಮುಕ್ಕ ಹಾವಿಗೂ ಸಲ್ಲುತ್ತದೆ. ಮಣ್ಣುಮುಕ್ಕ, ಅಂದರೆ ಎರಿಕ್ಸ್ ಜಾನೈ, ಒಣ ಬಯಲಿನ ಪ್ರಾಣಿ. ತರಂಗಂಬಾಡಿಯ ಮಿಷನರಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ ಅವರ ನೆನಪಿಗೆ ಪ್ಯಾಟ್ರಿಕ್ ರಸೆಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಟ್ಟ ಹೆಸರು ಅದು. ಮರಾಠಿಯ ‘ದುತೋಂಡ್ಯಾ’, ತೆಲುಗಿನ ‘ರೆಂಡು ತಲಲ ಪಾಮು’, ಮಲಯಾಳದ ‘ಇರುತಲಮೂರಿ’, ತಮಿಳಿನ ‘ಇರುತಲೈ’ ಎಂದು ಆರಂಭವಾಗುವ ಹೆಸರುಗಳು, ಎಲ್ಲವೂ ಒಂದೇ ಕಲ್ಪನೆಯ ಮೇಲೆ ನಿಂತಿವೆ. ಹಳಗನ್ನಡದ ‘ಇರ್ವರ್’, ‘ಇರ್ಪತ್ತು’ಗಳಲ್ಲಿ ಉಳಿದಿರುವ ‘ಇರ್’ ಧಾತುವೇ ಮಲಯಾಳ ಮತ್ತು ತಮಿಳಿನ ರೂಪಗಳಲ್ಲಿಯೂ ಇದೆ. ಆರು ತಿಂಗಳು ಒಂದು ತಲೆ, ಮತ್ತಾರು ತಿಂಗಳು ಇನ್ನೊಂದು ತಲೆ ಕೆಲಸ ಮಾಡುತ್ತದೆ ಎಂಬ ನಂಬಿಕೆಯೂ ಭಾಷೆಗಳ ಗಡಿಯನ್ನು ದಾಟಿ ಹರಡಿದೆ.

ಸೊಲ್ಲಾಪುರ, ಆದವಾನಿ, ರಾಯದುರ್ಗದ ಒಣನೆಲದಲ್ಲಿ ಕನ್ನಡಿಗನೊಬ್ಬ ‘ಎರಡು ತಲೆ ಹಾವು’ ಎಂದಾಗ ಸೂಚಿತವಾಗುವುದು ಮಣ್ಣುಮುಕ್ಕ. ವಯನಾಡು, ನೀಲಗಿರಿಯ ತೇವದ ನೆಲದಲ್ಲಿ ಅದೇ ವರ್ಣನೆ ಗುರಾಣಿಬಾಲದ ಹಾವಿಗೆ ಒಪ್ಪುತ್ತದೆ. ಹೆಸರು ಒಂದು, ಪ್ರಾಣಿ ಎರಡು. ಇದರ ಪರಿಣಾಮ ಪದಕೋಶದಲ್ಲಿಯೇ ನಿಲ್ಲುವುದಿಲ್ಲ. ಎರಡು ತಲೆ ಹಾವಿಗೆ ಲಕ್ಷಾಂತರ ರೂಪಾಯಿ ಬೆಲೆಯಿದೆ, ಅದು ನಿಧಿ ತೋರಿಸುತ್ತದೆ ಎಂಬ ಮೂಢನಂಬಿಕೆಯಿಂದ ಮಣ್ಣುಮುಕ್ಕನ ಕಳ್ಳಸಾಗಣೆ ನಡೆಯುತ್ತಿದೆ. ಹೆಸರಿನ ಸಾಮ್ಯದಿಂದ ಅದರ ನೆರಳು ಘಟ್ಟದ ನಿರುಪದ್ರವಿ ಹಾವಿನ ಮೇಲೂ ಬೀಳಬಲ್ಲದು.

ಗುರುತಿನ ಲಕ್ಷಣಗಳು

ಮಣ್ಣಿನಲ್ಲಿ ಸಿಕ್ಕ, ಒಂದು ಅಡಿಯ ಆಸುಪಾಸಿನ ಹಾವನ್ನು ಬಣ್ಣದಿಂದ ಗುರುತಿಸಲು ಹೊರಟರೆ ಮೋಸಹೋಗುವ ಸಂಭವವೇ ಹೆಚ್ಚು. ವರ್ಗೀಕರಣಕಾರರು ನೆಚ್ಚಿಕೊಂಡಿರುವುದು ಶಲ್ಕಗಳನ್ನು. ಮೈಯ ನಡುಭಾಗದಲ್ಲಿ ಸುತ್ತಲೂ ಎಷ್ಟು ಸಾಲು ಶಲ್ಕಗಳಿವೆ ಎಂದು ಎಣಿಸಿದರೆ ಮಣ್ಣುಮುಕ್ಕನಲ್ಲಿ ಐವತ್ತಕ್ಕೂ ಹೆಚ್ಚು ಸಿಗುತ್ತವೆ. ಇಲ್ಲಿ ಚರ್ಚಿಸಿರುವ ಗುರಾಣಿಬಾಲದ ಹಾವುಗಳಲ್ಲಿ 15 ಅಥವಾ 17. ಎರೆಹುಳುವಿನಂತೆ ಕಾಣುವ ಕುರುಡು ಹಾವುಗಳಲ್ಲಿ ಬೆನ್ನಿನ ಮತ್ತು ಹೊಟ್ಟೆಯ ಶಲ್ಕಗಳು ಒಂದೇ ಗಾತ್ರದವು. ಗುರಾಣಿಬಾಲದ ಹಾವುಗಳಲ್ಲಿ ಉದರ ಶಲ್ಕಗಳು ಪಕ್ಕದವಕ್ಕಿಂತ ಸ್ವಲ್ಪವಾದರೂ ಅಗಲವಾಗಿರುತ್ತವೆ. ಅದೇ ಮಣ್ಣಿನಲ್ಲಿ ಸಿಗುವ ಕಾಲಿಲ್ಲದ ಉಭಯಚರಗಳಿಗೆ ಹೊರಗೆ ಶಲ್ಕಗಳೇ ಕಾಣವು. ಅವುಗಳ ಮೈಯಲ್ಲಿ ಉಂಗುರದಂಥ ಗೀರುಗಳಿರುತ್ತವೆ.

ಕುಟುಂಬದೊಳಗಿನ ಕುಲಗಳನ್ನು ಬೇರ್ಪಡಿಸಲು ನೋಡಬೇಕಾದುದು ಹಾವಿನ ಎರಡು ತುದಿಗಳನ್ನು. ರೈನೋಫಿಸ್ ಕುಲದ ಹಾವುಗಳ ಮೂತಿ ಚೂಪು; ಬಾಲದ ಕೊನೆಯಲ್ಲಿ ಉಬ್ಬಿದ ಒರಟು ಗುರಾಣಿ. ಯುರೋಪೆಲ್ಟಿಸ್ ಕುಲದ ಹಲವು ಹಾವುಗಳಲ್ಲಿ ಬಾಲ ಚಪ್ಪಟೆಯಾಗಿ ಕತ್ತರಿಸಿದಂತಿದ್ದು ಅಲ್ಲಿನ ಶಲ್ಕಗಳಲ್ಲಿ ಏಣುಗಳಿರುತ್ತವೆ. ಪ್ಲೆಕ್ಟ್ರುರಸ್ ಕುಲದಲ್ಲಿ ಬಾಲದ ತುದಿ ಪಕ್ಕಗಳಿಂದ ಒತ್ತಿದಂತಿದ್ದು ಒಂದರ ಮೇಲೊಂದು ಎರಡು ಮೊನೆಗಳನ್ನು ಹೊಂದಿದೆ. ಚೇರಂಬಾಡಿಯ ಕರಿಹಾವು ಇವಾವುಗಳ ಹಾಗೂ ಇಲ್ಲ. ಅದರ ಬಾಲದಲ್ಲಿ ಗುರಾಣಿಯೇ ಇಲ್ಲ. ಆದರೆ ಗದ್ದದ ಕೆಳಗೆ, ನಡುವೆ ಉದ್ದಕ್ಕೆ, ಒಂದು ಗೀರು ಇದೆ. ಬಹುಪಾಲು ಹಾವುಗಳಲ್ಲಿ ಸಾಮಾನ್ಯವಾದ ಈ ಗೀರು ಈ ಕುಟುಂಬದಲ್ಲಿ ಮೆಲನೋಫಿಡಿಯಮ್ ಕುಲಕ್ಕೆ ಮಾತ್ರ ಉಳಿದಿದೆ. ಬೆಡೋಮ್ ಈ ಹಾವನ್ನು ಮೊದಲು ಪ್ಲೆಕ್ಟ್ರುರಸ್ ಕುಲದಲ್ಲಿ ಇರಿಸಿದ್ದರು. 1864ರಲ್ಲಿ ಲಂಡನ್ನಿನ ಆಲ್ಬರ್ಟ್ ಗುಂಥರ್ ಮೆಲನೋಫಿಡಿಯಮ್ ಕುಲವನ್ನು ಸ್ಥಾಪಿಸಿದರು. ಕುಲನಾಮ ನಪುಂಸಕಲಿಂಗದ್ದಾದುದರಿಂದ ‘ವಿನಾಡೆನ್ಸಿಸ್’ ಎಂಬ ವಿಶೇಷಣವೂ ‘ವಿನಾಡೆನ್ಸೆ’ ಆಯಿತು. ಲ್ಯಾಟಿನ್ ವ್ಯಾಕರಣ ಲಿಂಗವನ್ನು ತಿದ್ದಿತು. ಭೂಗೋಳವನ್ನು ತಿದ್ದುವ ನಿಯಮ ಅಲ್ಲಿಲ್ಲ.

ಮಣ್ಣೆಂಬ ನೆಲೆ

ಈ ಹಾವುಗಳ ನೆಲೆಯನ್ನು ‘ಕಾಡು’ ಎಂದು ಹೇಳಿದರೆ ಸಾಲದು. ಅವು ಬದುಕುವುದು ಎಲೆಕೊಳೆತು ಸಡಿಲವಾದ, ತೇವ ಆರದ, ಎರೆಹುಳುಗಳಿಂದ ಸಮೃದ್ಧವಾದ ಮೇಲ್ಮಣ್ಣಿನಲ್ಲಿ. ಕಲ್ಲುಗಳ ಅಡಿ, ಕೊಳೆಯುವ ದಿಮ್ಮಿಗಳ ಅಡಿ, ಬೇರುಗಳ ಸಂದಿನಲ್ಲಿ. ಎರೆಹುಳುವೇ ಅವುಗಳ ಮುಖ್ಯ ಆಹಾರ. ಮರಿಗಳನ್ನೇ ಈಯುತ್ತವೆ. ಮಳೆಗಾಲದಲ್ಲಿ ಮಣ್ಣು ನೀರುಂಡು ತುಂಬಿದಾಗ ಮೇಲೆ ಬರುತ್ತವೆ. ಮನುಷ್ಯರ ಕಣ್ಣಿಗೆ ಬೀಳುವುದೂ ರಸ್ತೆಯ ಮೇಲೆ ಸಾಯುವುದೂ ಹೆಚ್ಚಾಗಿ ಆಗಲೇ.

ಇಂಥ ಬದುಕಿಗೆ ದೇಹ ಹೇಗೆ ಒಗ್ಗಿದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಕಾರ್ಲ್ ಗ್ಯಾನ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ವಿವರಿಸಿದರು. ಹಾವಿನ ಮುಂಭಾಗದ ಸ್ನಾಯುಗಳು ಮಾತ್ರ ಕಡುಗೆಂಪು. ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಅಲ್ಲಿ ಅಧಿಕ. ಅಲ್ಲಿನ ಬೆನ್ನುಮೂಳೆ ಚರ್ಮದೊಳಗೆ ಅಂಕುಡೊಂಕಾಗಿ ಮಡಿಚಿಕೊಂಡಾಗ ಮೈ ಉಬ್ಬಿ ಬಿಲವನ್ನು ಅಗಲಿಸುತ್ತದೆ, ನೆಟ್ಟಗಾದಾಗ ಬೆಣೆಯಂಥ ತಲೆ ಮುನ್ನುಗ್ಗುತ್ತದೆ. ಹಿಂಭಾಗ ಎಂಜಿನ್ನಿನ ಹಿಂದೆ ಎಳೆದುಬರುವ ಬೋಗಿಗಳಂತೆ ಹಿಂಬಾಲಿಸುತ್ತದೆ. ಗ್ಯಾನ್ಸ್ ತಂಡ 1978ರಲ್ಲಿ ಇದನ್ನು ಸರಕು ರೈಲಿಗೆ ಹೋಲಿಸಿತು. ಬಾಲದ ಒರಟು ಫಲಕಕ್ಕೆ ಮಣ್ಣು ಅಂಟಿ ಬಿಲದ ಹಿಂಬಾಗಿಲಿಗೆ ಬಿರಡೆಯಾಗುತ್ತದೆ. ಎರಡನೆಯ ತಲೆಯೆಂದು ಜನ ತಿಳಿದದ್ದು ವಾಸ್ತವವಾಗಿ ಒಂದು ಕದ.

ಗಟ್ಟಿಯಾಗಿ ಒಣಗಿದ ನೆಲವನ್ನು ಈ ಯಂತ್ರ ಕೊರೆಯಲಾರದು. ಹಾಗಾಗಿ ಎರಡು ಬೆಟ್ಟಗಳ ನಡುವಿನ ಒಣ ಕಣಿವೆಯೇ ಈ ಹಾವುಗಳಿಗೆ ಗಡಿ. ಸಾವಿರಾರು ತಲೆಮಾರುಗಳ ಈ ಪ್ರತ್ಯೇಕತೆ ಒಂದೊಂದು ಗಿರಿಸಾಲಿಗೆ ಅದರದೇ ಪ್ರಭೇದವನ್ನು ಕೊಟ್ಟಿದೆ. ಎಲ್ಲ ಪ್ರಭೇದಗಳೂ ಸಮಾನವಾಗಿ ಸೂಕ್ಷ್ಮವೆಂದೂ ಅಲ್ಲ. ನೀಲಗಿರಿಯ ಪ್ಲೆಕ್ಟ್ರುರಸ್ ಪೆರೊಟೆಟಿ ಉದಕಮಂಡಲದ ತೋಟಗಳಲ್ಲೂ ಗೊಬ್ಬರದ ಗುಂಡಿಗಳಲ್ಲೂ ಸಿಗುತ್ತದೆ. ನೇಗಿಲು ಬಿದ್ದ ನೆಲವನ್ನು ಕೆಲವು ಸಹಿಸುತ್ತವೆ, ಕೆಲವು ನೆರಳಿನ ಮಣ್ಣನ್ನು ಬಿಟ್ಟು ಬಾಳಲಾರವು. ಯಾವುದು ಯಾವ ಬಗೆಯದೆಂದು ತಿಳಿಯಬೇಕಾದರೆ ಮೊದಲು ಪ್ರಭೇದವನ್ನು ಸರಿಯಾಗಿ ಗುರುತಿಸಬೇಕು.

ಸಂಗ್ರಹಕಾರರು ಮತ್ತು ಸ್ಥಳಚೀಟಿಗಳು

ವಸ್ತುಸಂಗ್ರಹಾಲಯದ ಸೀಸೆಯಲ್ಲಿರುವ ಹಾವು ತನ್ನ ಊರನ್ನು ತಾನೇ ಹೇಳಲಾರದು. ಹೇಳುವುದು ಅದಕ್ಕೆ ಕಟ್ಟಿದ ಚೀಟಿ. ಆ ಚೀಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ಕುಟುಂಬದ ಇತಿಹಾಸದಲ್ಲಿಯೇ ಪ್ರಸಿದ್ಧ ಉದಾಹರಣೆಯಿದೆ. 1829ರಲ್ಲಿ ಪ್ಯಾರಿಸ್ಸಿನ ಜಾರ್ಜ್ ಕುವಿಯೆ ಯುರೋಪೆಲ್ಟಿಸ್ ಕುಲವನ್ನು ಸ್ಥಾಪಿಸಿ, ಸಿಂಹಳದ ಹೆಸರಿನಿಂದ ‘ಸೆಯ್ಲಾನಿಕಾ’ ಎಂಬ ಪ್ರಭೇದವನ್ನು ಪ್ರಕಟಿಸಿದರು. ಆ ಹಾವು ಸಿಂಹಳದಲ್ಲಿಲ್ಲ. ಅದು ಪಶ್ಚಿಮಘಟ್ಟದ ನಿವಾಸಿ. ಶ್ರೀಲಂಕಾದ ಕೆಲವು ಹಾವುಗಳನ್ನು ಬಹುಕಾಲ ಇದೇ ಕುಲದಲ್ಲಿ ಇಡಲಾಗಿತ್ತು. 2016ರ ಪರಿಷ್ಕರಣೆ ಅವನ್ನು ರೈನೋಫಿಸ್ ಕುಲಕ್ಕೆ ಸೇರಿಸಿತು. ಹೀಗೆ ಯುರೋಪೆಲ್ಟಿಸ್ ಕುಲ ಪೂರ್ತಿಯಾಗಿ ಭಾರತಕ್ಕೆ ಸೀಮಿತವಾಯಿತು, ಅದರ ಮಾದರಿ ಪ್ರಭೇದ ಮಾತ್ರ ದ್ವೀಪದ ಹೆಸರನ್ನೇ ಉಳಿಸಿಕೊಂಡಿತು. ಪ್ರಾಣಿನಾಮಕರಣದ ನಿಯಮದಲ್ಲಿ ಮೊದಲಿಟ್ಟ ಹೆಸರು, ಭೌಗೋಳಿಕವಾಗಿ ತಪ್ಪಾದರೂ, ಬದಲಾಗುವುದಿಲ್ಲ.

ಪುದುಚೇರಿಯಲ್ಲಿ ನೆಲಸಿದ್ದ ಫ್ರೆಂಚ್ ಸಸ್ಯವಿಜ್ಞಾನಿ ಸ್ಯಾಮ್ಯುಯೆಲ್ ಪೆರೊಟೆ ನೀಲಗಿರಿಯಿಂದ ಪ್ಯಾರಿಸ್ಸಿಗೆ ಮಾದರಿಗಳನ್ನು ಕಳುಹಿಸಿದವರು. ನೀಲಗಿರಿಯ ಹಾವು ಅವರ ಹೆಸರನ್ನು ಪಡೆಯಿತು. ಆದರೆ ಈ ಕುಟುಂಬದ ಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಡೋಮ್ ಅವರಷ್ಟು ಕೆಲಸ ಮಾಡಿದವರು ಬೇರೊಬ್ಬರಿಲ್ಲ. 1830ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಸೇನೆ ಸೇರಿ, ಹ್ಯೂ ಕ್ಲೆಗಾರ್ನ್ ಅವರ ಸಹಾಯಕರಾಗಿ ಅರಣ್ಯ ಇಲಾಖೆಗೆ ಬಂದ ಅವರು 1860ರಿಂದ 1882ರವರೆಗೆ ಮದ್ರಾಸ್ ಪ್ರಾಂತದ ಅರಣ್ಯಗಳ ಮುಖ್ಯಸ್ಥರಾಗಿದ್ದರು. ಜರೀಗಿಡಗಳ ಮೇಲೂ ಮರಗಳ ಮೇಲೂ ದೊಡ್ಡ ಗ್ರಂಥಗಳನ್ನು ಪ್ರಕಟಿಸಿದ ಅವರು 1886ರಲ್ಲಿ ಭಾರತ ಮತ್ತು ಸಿಂಹಳದ ಮಣ್ಣುಹಾವುಗಳ ಸಮಗ್ರ ವಿವರಣೆಯನ್ನೂ ಬರೆದರು. ಅವರು ಅಲೆದ ದಶಕಗಳಲ್ಲಿ ವಯನಾಡಿನ ಕಾಡು ಕಾಫಿತೋಟವಾಗುತ್ತಿತ್ತು. ಕಾಡನ್ನು ಕಾಯುವ ಹುದ್ದೆಯಲ್ಲಿದ್ದವರೇ ಕಾಡಿನ ಮಣ್ಣು ಮೇಲುಕೆಳಗಾಗುತ್ತಿದ್ದ ಕಾಲದಲ್ಲಿ ಅದರೊಳಗಿನ ಜೀವಿಗಳನ್ನು ದಾಖಲಿಸಿದರು.

ಅವರ ಸ್ಥಳಚೀಟಿಗಳು ಆ ಕಾಲದ ಆಡಳಿತ ಭಾಷೆಯಲ್ಲಿವೆ. 1870ರಲ್ಲಿ ಅವರು ಕುದುರೆಮುಖದಿಂದ ವಿವರಿಸಿದ ಹಾವಿಗೆ ‘ಕೆನರಿಕಾ’ ಎಂಬ ಹೆಸರು ಕೊಟ್ಟರು. ಅದರ ನೆಲೆ ದಕ್ಷಿಣ ಕನ್ನಡ. ಅಂದಿನ ದಕ್ಷಿಣ ಕನ್ನಡದೊಳಗೆ ಇಂದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜೊತೆಗೆ ಕಾಸರಗೋಡೂ ಇತ್ತು. ಕುದುರೆಮುಖವೆಂಬ ಖಚಿತ ಸ್ಥಳ ಇರುವುದರಿಂದ ಈ ಹಾವಿನ ಬಗ್ಗೆ ಸಂದೇಹವಿಲ್ಲ. ಆದರೆ ಬರಿಯ ‘ದಕ್ಷಿಣ ಕನ್ನಡ’ ಎಂದಿರುವ ಹಳೆಯ ಚೀಟಿಯನ್ನು ಇಂದಿನ ಜಿಲ್ಲೆಗೆ ಹೊಂದಿಸುವವರು 1956ನ್ನು ಮರೆತಂತೆ. ಅದೇ 1870ರಲ್ಲಿ ಮೆಲನೋಫಿಡಿಯಮ್ ಕುಲದ ಎರಡು ಗೆರೆಯ ಹಾವನ್ನು, ಬೈಲಿನಿಯೇಟಮ್ ಅನ್ನು, ಅವರು ವಿವರಿಸಿದಾಗ ಸೂಚಿಸಿದ ನೆಲೆಗಳಲ್ಲಿ ಪೆರಿಯ ಶಿಖರ ಒಂದು. ಇದು ವಯನಾಡಿನ ಪೆರಿಯ. ಕಾಸರಗೋಡಿನಲ್ಲೂ ಒಂದು ಪೆರಿಯ ಇದೆ. ಚೀಟಿಯಲ್ಲಿ ‘ವಯನಾಡು’ ಎಂಬ ಪದ ಅಳಿಸಿಹೋಗಿದ್ದರೆ ಎರಡನ್ನೂ ಬಲ್ಲ ಓದುಗನಿಗೂ ನಿರ್ಣಯ ಕಷ್ಟವಾಗುತ್ತಿತ್ತು.

ಬಯಲ್ನಾಡಿನಿಂದ ವಯನಾಡು ಜಿಲ್ಲೆಗೆ

‘ವಯನಾಡು’ ಎಂಬ ಪದದ ವ್ಯಾಪ್ತಿ ಎಂದೂ ಒಂದೇ ಆಗಿರಲಿಲ್ಲ. ಕನ್ನಡ ಶಾಸನಗಳು ಈ ನಾಡನ್ನು ಬಯಲ್ನಾಡು ಎಂದು ಕರೆಯುತ್ತವೆ. ಹೆಗ್ಗಡದೇವನಕೋಟೆಯ ಕಡೆಯ ಶಾಸನಗಳಲ್ಲಿ ಬಯಲ್ನಾಡಿನ ಕದಂಬರು ಕಾಣಿಸಿಕೊಳ್ಳುತ್ತಾರೆ, ಹೊಯ್ಸಳ ವಿಷ್ಣುವರ್ಧನನ ವಿಜಯಗಳ ಪಟ್ಟಿಯಲ್ಲಿಯೂ ಬಯಲ್ನಾಡು ಸೇರಿದೆ. ಮಲಯಾಳದ ‘ವಯಲ್’ ಗದ್ದೆ, ಕನ್ನಡದ ‘ಬಯಲ್’ ತೆರೆದ ನೆಲ; ಎರಡೂ ಒಂದೇ ಮೂಲದವು. ಕನ್ನಡದ ಬಕಾರ, ಮಲಯಾಳದ ವಕಾರ, ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಹಲವು ಕಾಗುಣಿತ. ಅವುಗಳಲ್ಲಿ ಒಂದು ಲ್ಯಾಟಿನ್ ಪ್ರತ್ಯಯದೊಡನೆ ಹಾವಿನ ಹೆಸರಾಯಿತು. ಕಾಡಿನ ನೆರಳಿನ ಮಣ್ಣನ್ನು ನೆಚ್ಚಿದ ಪ್ರಾಣಿಗೆ ಗದ್ದೆಬಯಲಿನ ನಾಡಿನ ಹೆಸರು ಅಂಟಿಕೊಂಡಿತು.

ಬ್ರಿಟಿಷರ ಆಡಳಿತದಲ್ಲಿ ವಯನಾಡು ಮಲಬಾರ್ ಜಿಲ್ಲೆಯ ತಾಲ್ಲೂಕು. 1863ರಲ್ಲಿ ಚೇರಂಬಾಡಿ ಅದರೊಳಗೇ ಇತ್ತು. ಬೆಡೋಮ್ ಬರೆದದ್ದು ಸರಿಯಾಗಿಯೇ ಇತ್ತು. 1868ರಲ್ಲಿ ನೀಲಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 1877ರಲ್ಲಿ ನಂಬಲಕೋಡ್, ಮುನ್ನನಾಡ್, ಚೇರಂಕೋಡ್ ಅಂಶಗಳನ್ನೊಳಗೊಂಡ ಆಗ್ನೇಯ ವಯನಾಡನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿಗೆ ಕೂಡಿಸಲಾಯಿತು. ಗೂಡಲೂರು, ಪಂದಲೂರಿನ ಸೀಮೆ ಹೀಗೆ ಬೇರೆ ಜಿಲ್ಲೆಯಾಯಿತು. ಆಗ ಎರಡೂ ಮದ್ರಾಸ್ ಪ್ರಾಂತದಲ್ಲಿಯೇ ಇದ್ದುದರಿಂದ ಬದಲಾವಣೆ ಕಾಗದದ ಮೇಲಿನದಾಗಿತ್ತು. 1956ರ ನವೆಂಬರ್ 1ರಂದು ಅದೇ ಕಾಗದದ ಗೆರೆ ರಾಜ್ಯಗಳ ಗಡಿಯಾಯಿತು. ಮಲಬಾರ್ ಕೇರಳಕ್ಕೆ ಹೋಯಿತು, ನೀಲಗಿರಿ ಮದ್ರಾಸಿನಲ್ಲಿ ಉಳಿಯಿತು, ಕಾಸರಗೋಡು ಕೇರಳಕ್ಕೆ ಸೇರಿತು. 1980ರಲ್ಲಿ ವಯನಾಡು ಕೇರಳದ ಜಿಲ್ಲೆಯಾದಾಗ ಆ ಹೆಸರು ತನ್ನ ಹಳೆಯ ಆಗ್ನೇಯ ಭಾಗವನ್ನು ಬಿಟ್ಟೇ ಹೊಸ ಅರ್ಥವನ್ನು ಪಡೆಯಿತು.

ಗಡಿಯ ಎರಡೂ ಕಡೆ ನೆಲಸಿರುವ ಜನರಿಗೆ ಈ ಕಥೆ ಹೊಸದಲ್ಲ. ನೀಲಗಿರಿಯ ಬಡಗರು, ವಯನಾಡು, ಗೂಡಲೂರು ಮತ್ತು ಮೈಸೂರಿನ ಕಾಡಂಚಿನಲ್ಲಿ ಹಬ್ಬಿರುವ ಜೇನುಕುರುಬ, ಬೆಟ್ಟಕುರುಬರು, ಕನ್ನಡಕ್ಕೆ ಹತ್ತಿರದ ನುಡಿಗಳನ್ನಾಡುವ ಈ ಸಮುದಾಯಗಳ ನೆಲವೂ ಇದೇ ಗೆರೆಗಳಿಂದ ಹಂಚಿಹೋಗಿದೆ. ಹಾವಿನ ಮೂಲನೆಲೆಯ ಪ್ರಶ್ನೆ ಅವರ ಊರುಗಳ ಇತಿಹಾಸದ ಪ್ರಶ್ನೆಯೂ ಹೌದು.

ಮರುಓದು

ಇಪ್ಪತ್ತನೆಯ ಶತಮಾನದ ಬಹುಭಾಗ ಈ ಹಾವುಗಳ ಅಧ್ಯಯನ ಹಳೆಯ ಸೀಸೆಗಳನ್ನೇ ಆಧರಿಸಿತ್ತು. ಫ್ರಾಂಕ್ ವಾಲ್ 1919ರಲ್ಲಿ ನೀಲಗಿರಿ ಮತ್ತು ಪಕ್ಕದ ವಯನಾಡಿನ ಹಾವುಗಳ ಸಂಗ್ರಹವೊಂದರ ಮೇಲೆ ಬರೆದರು. ಆ ಎರಡನ್ನೂ ಒಂದೇ ಪ್ರದೇಶವೆಂದು ಕಂಡ ಬರಹ ಅದು. ಮಾಲ್ಕಂ ಸ್ಮಿತ್ ಅವರ 1943ರ ಸಂಪುಟ ದಶಕಗಳ ಕಾಲ ಗುರುತಿನ ಕೈಪಿಡಿಯಾಯಿತು. ಜೀವಂತ ಹಾವುಗಳ ನಡವಳಿಕೆಯನ್ನು ನೋಡಿ ಬರೆದವರಲ್ಲಿ ಪಾಳಯಂಕೋಟೆಯ ಎಂ. ವಿ. ರಾಜೇಂದ್ರನ್ ಪ್ರಮುಖರು, ಅವರ ಅಧ್ಯಯನವನ್ನು ಮದುರೈ ಕಾಮರಾಜ್ ವಿಶ್ವವಿದ್ಯಾಲಯ 1985ರಲ್ಲಿ ಪ್ರಕಟಿಸಿತು.

ಮುಂದಿನ ತಿರುವು ಸ್ಥಳಚೀಟಿಗಳನ್ನು ಮರಳಿ ಓದಿದ್ದರಿಂದ ಬಂತು. 2016ರಲ್ಲಿ ಡೇವಿಡ್ ಗೋವರ್ ಮತ್ತು ಸಂಗಡಿಗರು ಮೆಲನೋಫಿಡಿಯಮ್ ಕುಲವನ್ನು ಮರುಪರಿಶೀಲಿಸಿದಾಗ, ದಕ್ಷಿಣ ಮಹಾರಾಷ್ಟ್ರ, ಗೋವಾ ಮತ್ತು ಉತ್ತರ ಕರ್ನಾಟಕದ ಘಟ್ಟಗಳಲ್ಲಿ ಪಂಕ್ಟೇಟಮ್ ಎಂದು ಕರೆಯಲಾಗುತ್ತಿದ್ದ ಹಾವು ಬೇರೆಯೇ ಪ್ರಭೇದವೆಂದು ತಿಳಿಯಿತು. ಅದಕ್ಕೆ ಖೈರೆಯೈ ಎಂಬ ಹೆಸರಾಯಿತು. ನಿಜವಾದ ಪಂಕ್ಟೇಟಮ್ ದಕ್ಷಿಣದ ಘಟ್ಟಗಳಿಗೆ ಸೀಮಿತವಾಯಿತು. 2020ರಲ್ಲಿ ವಯನಾಡು ಪ್ರದೇಶದಿಂದ ರೈನೋಫಿಸ್ ಮೆಲನೋಲ್ಯೂಕಸ್ ವಿವರಿಸಲ್ಪಟ್ಟಿತು. ಅದೇ ವರ್ಷ ಚೇರಂಬಾಡಿಯ ಕೆಂಪುಹೊಟ್ಟೆಯ ಹಾವಿಗೆ ಅತಿ ಹತ್ತಿರದ ಇನ್ನೊಂದು ಪ್ರಭೇದ ಬೇರ್ಪಟ್ಟಿತು. ಅದರ ಹೆಸರು ಕರಿಂತಂಡನಿ. ತಾಮರಶ್ಶೇರಿ ಘಟ್ಟದ ದಾರಿಯನ್ನು ಪರಂಗಿಯವರಿಗೆ ತೋರಿಸಿ ಪ್ರಾಣ ಕಳೆದುಕೊಂಡನೆಂದು ಐತಿಹ್ಯ ಹೇಳುವ ಪಣಿಯ ಮುಖಂಡ ಕರಿಂತಂಡನ್‌ನ ನೆನಪು ಅದರಲ್ಲಿದೆ. ಸೇನಾಧಿಕಾರಿಗಳ, ಸಂಗ್ರಹಕಾರರ ಹೆಸರುಗಳಿಂದ ತುಂಬಿದ ಪಟ್ಟಿಯಲ್ಲಿ ಆ ಮಣ್ಣಿನ ಮನುಷ್ಯನೊಬ್ಬನಿಗೆ ಸ್ಥಾನ ಸಿಕ್ಕಿತು.

ಹತ್ತಿರದ ಎರಡು ಪ್ರಭೇದಗಳನ್ನು ಬೇರ್ಪಡಿಸುವಾಗ, ಮೊದಲ ಹೆಸರು ಯಾವ ನೆಲೆಯ ಹಾವಿಗೆ ಸಲ್ಲಬೇಕೆಂಬುದೇ ಮೊದಲ ಪ್ರಶ್ನೆ. ಅದನ್ನು ಬಗೆಹರಿಸುವುದು ಮೂಲನೆಲೆ. ಸ್ಯಾಂಗ್ವಿನಿಯಸ್ ಎಂಬ ಹೆಸರು ಚೇರಂಬಾಡಿಯ ಹಾವಿನದು. ‘ವಯನಾಡು’ ಎಂಬ ಪದವನ್ನು ಮಾತ್ರ ಓದಿ ಇಂದಿನ ಜಿಲ್ಲೆಯಲ್ಲಿ ಆ ಹಾವನ್ನು ಹುಡುಕಹೊರಟವರು ಮೂಲನೆಲೆಯನ್ನೇ ಬಿಟ್ಟು ಹುಡುಕಿದಂತಾಗುತ್ತದೆ. ರಾಜ್ಯವಾರು ಜೀವಿಪಟ್ಟಿಗಳನ್ನು ಸಿದ್ಧಪಡಿಸುವಾಗ, ಒಂದು ಕಾಡಿನ ತುಣುಕನ್ನು ಉಳಿಸಬೇಕೆ ಬೇಡವೇ ಎಂಬ ಚರ್ಚೆ ಬಂದಾಗ, ಈ ತಪ್ಪು ಒಂದು ಪ್ರಭೇದದ ಅಳಿವು ಉಳಿವಿನ ಪ್ರಶ್ನೆಯಾಗಬಹುದು. ತೋಟ, ರಸ್ತೆ, ಕಟ್ಟಡಗಳ ನಡುವೆ ಮೂಲನೆಲೆಯ ಮಣ್ಣು ಕಳೆದುಹೋದರೆ ಹೋಲಿಸಿನೋಡಲು ಉಳಿಯುವುದು ಲಂಡನ್ನಿನ ಸೀಸೆ ಮಾತ್ರ.

ಇಲ್ಲಿ ಭಾಷಾ ಸಂಶೋಧಕರ ಕೆಲಸವೂ ಇದೆ. ಗಡಿನಾಡಿನ ಊರುಗಳಲ್ಲಿ ಮಣ್ಣು ಅಗೆಯುವವರು ಈ ಹಾವುಗಳಿಗೆ ಯಾವ ಹೆಸರು ಹೇಳುತ್ತಾರೆ, ಮಣ್ಣುಮುಕ್ಕನಿಂದ ಅವನ್ನು ಬೇರ್ಪಡಿಸುತ್ತಾರೆಯೇ, ಯಾವ ಮಳೆಯಲ್ಲಿ ಅವು ಮೇಲೆ ಬರುತ್ತವೆ ಎನ್ನುತ್ತಾರೆ ಎಂಬುದನ್ನು ಊರು, ತಾಲ್ಲೂಕು, ತಿಂಗಳುಗಳ ಸಮೇತ ದಾಖಲಿಸಿದರೆ ಅದು ನಿಘಂಟಿಗೂ ಜೀವವಿಜ್ಞಾನಕ್ಕೂ ಸಮಾನವಾಗಿ ಉಪಯುಕ್ತ. ಹಳೆಯ ಸ್ಥಳಚೀಟಿಯನ್ನು ಓದಲು ಹಳೆಯ ಕಂದಾಯ ಪಟ್ಟಿ ಬೇಕು, ಅಂಶಗಳ ಹೆಸರು ಬೇಕು, ಒಂದೇ ಊರಿಗೆ ಮೂರು ಭಾಷೆಗಳಲ್ಲಿರುವ ರೂಪಗಳು ತಿಳಿದಿರಬೇಕು. ಎರಡು ನುಡಿಗಳ ನಡುವೆ ಬದುಕುವವರಿಗೆ ಇದು ಸಹಜವಾಗಿ ದಕ್ಕುವ ವಿದ್ಯೆ.

ಗದ್ದದ ಗೀರು ಚೇರಂಬಾಡಿಯ ಕರಿಹಾವಿನ ಕುಲವನ್ನು ತಿಳಿಸುತ್ತದೆ. ಅದರ ಊರನ್ನು ತಿಳಿಯಲು 1877ರ ಒಂದು ಆಡಳಿತಾತ್ಮಕ ಆದೇಶವನ್ನು ಓದಬೇಕು. ಎರಡನ್ನೂ ಓದಿದಾಗ ಮಾತ್ರ ಹಾವಿನ ಗುರುತು ಪೂರ್ಣವಾಗುತ್ತದೆ.